ಲವ್‌ಲೆಸ್ ಕೊಳ್ಳುವವರಿಗೆ: ಅನಲಾಗ್ ಡೀಲಕ್ಸೋ, ಸಾದಾ ಪ್ರತಿಯೋ?

ರಾಕ್ ಬ್ಯಾಂಡ್ ಮೈ ಬ್ಲಡಿ ವ್ಯಾಲೆಂಟೈನ್‌ನ ‘ಲವ್‌ಲೆಸ್’ ಮತ್ತಿತರ ಆಲ್ಬಮ್‌ಗಳ ಯಾವ ವಿನೈಲ್ ಮರುಮುದ್ರಣಕ್ಕೆ ಹೆಚ್ಚು ದುಡ್ಡು ಹಾಕಬೇಕು ಎಂದು ಮಂಗಳೂರು, ಮಣಿಪಾಲದ ಕಡೆ ರೆಕಾರ್ಡ್ ಕೇಳುವ ಹುಡುಗರು ಕೇಳುತ್ತಲೇ ಇರುತ್ತಾರೆ. ಮೊದಲು ಸೂಜಿಗೆ ಹಾಕಿ, ಆಮೇಲೆ ರೆಕಾರ್ಡಿಗೆ ಎಂಬುದು ನಮ್ಮ ಉತ್ತರ. ಒಂದೇ ಟರ್ನ್‌ಟೇಬಲ್, ಒಂದೇ ಆಂಪ್ಲಿಫಯರ್, ಒಂದೇ ಕೋಣೆಯಲ್ಲಿ ಪ್ರತಿಗಳನ್ನು ಅದಲುಬದಲು ಮಾಡಿ ಕೇಳಿದ ಮೇಲೆ ಹೇಳುತ್ತಿರುವ ಮಾತು ಇದು.

ಪ್ರತಿಗಳ ಲೆಕ್ಕ ಹೀಗಿದೆ. ‘ಇಸಂಟ್ ಎನಿಥಿಂಗ್’ ಬಂದದ್ದು 1988ರಲ್ಲಿ, ‘ಲವ್‌ಲೆಸ್’ 1991ರ ನವೆಂಬರಿನಲ್ಲಿ, ಎರಡೂ ಕ್ರಿಯೇಷನ್ ಕಂಪನಿಯಿಂದ. ‘ಎಂ ಬಿ ವಿ’ಯನ್ನು 2013ರ ಫೆಬ್ರವರಿಯಲ್ಲಿ ಬ್ಯಾಂಡ್ ತಾನೇ ಹೊರತಂದಿತು. ಹಳೆಯ ಎರಡು ಆಲ್ಬಮ್‌ಗಳ ಪೂರ್ತಿ ಅನಲಾಗ್ ಕಟ್ (ಡಿಜಿಟಲ್ ಹಂತವಿಲ್ಲದೆ ಟೇಪಿನಿಂದಲೇ ಕೊರೆದದ್ದು) 2018ರಲ್ಲಿ ಬ್ಯಾಂಡಿನ ಕಡೆಯಿಂದಲೇ ಬಂತು. 2021ರಲ್ಲಿ ಡೊಮಿನೊ ಕಂಪನಿ ಮೂರನ್ನೂ ಮತ್ತೆ ಮಾರುಕಟ್ಟೆಗೆ ಬಿಟ್ಟಿತು. ಆಗ ಲವ್‌ಲೆಸ್‌ಗೆ ಎರಡು ರೂಪ ಬಂದವು: ಟೇಪಿನಿಂದ ನೇರ ಅನಲಾಗ್ ಆಗಿ ಕತ್ತರಿಸಿದ ಡೀಲಕ್ಸ್, ಹೈ-ರೆಸಲ್ಯೂಷನ್ ಡಿಜಿಟಲ್ ಮೂಲದಿಂದ ಕತ್ತರಿಸಿದ ಸಾದಾ ಪ್ರತಿ. 1991ರ ಮೊದಲ ಪ್ರೆಸ್ಸಿಂಗ್ ಸಂಗ್ರಾಹಕರ ಬೆಲೆಗೆ ಏರಿ ಕೂತಿದೆ, ಹಾಗಾಗಿ ಅದನ್ನು ಲೆಕ್ಕದಿಂದ ಬಿಟ್ಟಿದ್ದೇವೆ.

ಹೋಲಿಕೆಯಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ. ಎರಡು ಪ್ರತಿಗಳ ಕಟ್ಟಿಂಗ್ ಮಟ್ಟ (ಸದ್ದನ್ನು ಎಷ್ಟು ಜೋರಾಗಿ ಕೊರೆದಿದ್ದಾರೆ ಎಂಬುದು) ಒಂದೇ ಇರುವುದಿಲ್ಲ, ಒಂದು ತುಸು ಜೋರಾಗಿದ್ದರೂ ಕಿವಿ ಅದನ್ನೇ ಒಳ್ಳೆಯದು ಎಂದುಬಿಡುತ್ತದೆ. ಫೋನಿನ ಡೆಸಿಬಲ್ ಆಪ್ ಇಟ್ಟು, ಕೂರುವ ಜಾಗದಿಂದಲೇ, ಒಂದೇ ಹಾಡಿನ ಅದೇ 30 ಸೆಕೆಂಡನ್ನು ಅಳೆದು, ವ್ಯತ್ಯಾಸ ಅರ್ಧ ಡೆಸಿಬಲ್‌ಗಿಂತ ಕೆಳಗೆ ಬರುವವರೆಗೆ ವಾಲ್ಯೂಮ್ ಸರಿಹೊಂದಿಸಿ. ಇದನ್ನು ಮಾಡಿದ ಕೂಡಲೇ ಡೀಲಕ್ಸ್ ಮತ್ತು ಸಾದಾ ನಡುವೆ ಕೇಳಿಸುತ್ತಿದ್ದ ‘ಭಾರೀ’ ಅಂತರದ ಮುಕ್ಕಾಲು ಭಾಗ ಮಾಯವಾಯಿತು.

ಉಳಿದ ಕಾಲು ಭಾಗ ನಿಜವಾದದ್ದು. ಲವ್‌ಲೆಸ್‌ನ ಮೊದಲ ಹಾಡು ‘ಓನ್ಲಿ ಶ್ಯಾಲೋ’ ಶುರುವಾಗುವುದೇ ನಾಲ್ಕು ಸ್ನೇರ್ ಡ್ರಮ್ ಏಟಿನಿಂದ. ಇಡೀ ಆಲ್ಬಮ್‌ನಲ್ಲಿ ಡ್ರಮ್ ಹೆಚ್ಚಾಗಿ ಸ್ಯಾಂಪಲ್ ಮಾಡಿ ಜೋಡಿಸಿದ್ದು, ಡ್ರಮ್ಮರ್ ಕಾಲ್ಮ್ ಒ ಕೀಸಿಗ್ ನೇರವಾಗಿ ಬಾರಿಸಿರುವ ಕೆಲವೇ ಹಾಡುಗಳಲ್ಲಿ ಇದೊಂದು. ಡೀಲಕ್ಸ್‌ನಲ್ಲಿ ಆ ಏಟಿನ ಹಿಂದೆ ಚರ್ಮದ ಅದುರು ಸ್ವಲ್ಪ ಹೆಚ್ಚು ಹೊತ್ತು ಉಳಿಯುತ್ತದೆ. ಸಾದಾ ಪ್ರತಿಯಲ್ಲಿ ಏಟು ಅಷ್ಟೇ ಗಟ್ಟಿ, ಬಾಲ ಮಾತ್ರ ಗಿಡ್ಡ. ‘ಟು ಹಿಯರ್ ನೋಸ್ ವೆನ್’ನಲ್ಲಿ ಗಿಟಾರಿನ ಮಂಜಿನಡಿ ಗಾಯಕಿ ಬಿಲಿಂಡಾ ಬುಚರ್ ದನಿ ಎಲ್ಲಿದೆ ಎಂದು ಹುಡುಕುವ ಕಷ್ಟ ಡೀಲಕ್ಸ್‌ನಲ್ಲಿ ಸ್ವಲ್ಪ ಕಡಿಮೆ. ಅಷ್ಟೇ. ಇದಕ್ಕಾಗಿ ಹೆಚ್ಚಿನ ಬೆಲೆ, ಹಡಗು ಇಲ್ಲವೇ ವಿಮಾನದ ಸಾಗಾಟ, ಅದರ ಮೇಲೆ ಕಸ್ಟಮ್ಸ್ ಸುಂಕ ಕೊಡುವುದು ಎರಡನೆಯ ಹೆಜ್ಜೆಯಾಗಲಿ.

ಮೊದಲ ಹೆಜ್ಜೆ ಸೂಜಿ ಏಕೆಂದರೆ, ಲವ್‌ಲೆಸ್ ಉದ್ದದ ಆಲ್ಬಮ್. ಮೊದಲ ಬದಿ 23 ನಿಮಿಷ, ಎರಡನೆಯದು 25 ನಿಮಿಷ ದಾಟುತ್ತದೆ, ಅದರಲ್ಲೂ ಕೊನೆಯ ‘ಸೂನ್’ ಒಂದೇ ಸುಮಾರು 7 ನಿಮಿಷ. ಈ ಹಾಡು ಬರುವಾಗ ಸೂಜಿ ಲೇಬಲಿನ ಹತ್ತಿರಕ್ಕೆ ಬಂದಿರುತ್ತದೆ. ಹೊರ ಅಂಚಿನಲ್ಲಿ ಗ್ರೂವ್ (ಸೂಜಿ ಓಡುವ ಗೀರು) ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡಿದರೆ, ಒಳಗೆ ಬರಿ 21. ಹೊರಗೆ 51 ಮೈಕ್ರಾನ್ ಉದ್ದ ಇದ್ದ 10 ಕಿಲೋಹರ್ಟ್ಸ್ ಅಲೆ ಒಳಗೆ 21 ಮೈಕ್ರಾನಿಗೆ ಮುದುಡುತ್ತದೆ. ಆಡಿಯೋ-ಟೆಕ್ನಿಕಾ ಕಂಪನಿಯ ವಿಎಂ95ಇ ಎಂಬ ಎಲಿಪ್ಟಿಕಲ್ (ದೀರ್ಘವೃತ್ತಾಕಾರದ ತುದಿಯ) ಸೂಜಿಯ ಪಕ್ಕದ ತ್ರಿಜ್ಯ ಸುಮಾರು 8 ಮೈಕ್ರಾನ್. ಅದು ಆ ಸಣ್ಣ ತಿರುವಿನೊಳಗೆ ಇಳಿಯುವುದಿಲ್ಲ, ಮೇಲಿಂದ ಸವರಿಕೊಂಡು ಹೋಗುತ್ತದೆ. ‘ಸೂನ್’ನ ಡ್ರಮ್ ಲೂಪ್ ಆಗ ಎಣ್ಣೆಗೆ ಸಾಸಿವೆ ಹಾಕಿದಂತೆ ಚಟಪಟ ಅನ್ನುತ್ತದೆ. ಪ್ರೆಸ್ಸಿಂಗ್ ಸರಿ ಇಲ್ಲ ಎಂದು ರೆಕಾರ್ಡನ್ನು ಮಾರಿಬಿಡುವವರು ಎಡವುವುದು ಇಲ್ಲೇ.

ಅದೇ ಕಾರ್ಟ್ರಿಜ್‌ಗೆ (ಸೂಜಿ ಕೂರುವ ಗೂಡಿಗೆ) ವಿಎಂ95ಎಂಎಲ್ ಎಂಬ ಮೈಕ್ರೋಲೀನಿಯರ್ (ಇನ್ನೂ ತೆಳು ಅಂಚಿನ) ಸೂಜಿ ಕೂರುತ್ತದೆ, ಹಳೆಯದನ್ನು ಎಳೆದು ಹೊಸದನ್ನು ತಳ್ಳಿದರೆ ಆಯಿತು. ಇದರ ಪಕ್ಕದ ತ್ರಿಜ್ಯ ಸುಮಾರು 3 ಮೈಕ್ರಾನ್. ಸೂಜಿ ಒತ್ತುವ ಭಾರ 2.0 ಗ್ರಾಂ, ಆಂಟಿ-ಸ್ಕೇಟ್ (ಸೂಜಿ ಒಳಕ್ಕೆ ಜಾರದಂತೆ ಹಿಡಿಯುವ ಹೊಂದಿಕೆ) ಕೂಡ 2ರಿಂದ ಶುರು ಮಾಡಿ. ಈ ಸೂಜಿಯಲ್ಲಿ ಸಾದಾ ಪ್ರತಿಯ ‘ಸೂನ್’, ಹಳೆಯ ಸೂಜಿಯಲ್ಲಿ ಡೀಲಕ್ಸ್ ಪ್ರತಿಯ ‘ಸೂನ್’ಗಿಂತ ಅನುಮಾನವೇ ಇಲ್ಲದಷ್ಟು ಚೆನ್ನಾಗಿ ಕೇಳಿಸುತ್ತದೆ. ಬಾಳಿಕೆಯೂ ಹೆಚ್ಚು: ಕಂಪನಿಯ ಲೆಕ್ಕದಲ್ಲಿ ಎಲಿಪ್ಟಿಕಲ್ 300 ಗಂಟೆ, ಮೈಕ್ರೋಲೀನಿಯರ್ 1000 ಗಂಟೆ. ಒಂದು ಎಚ್ಚರಿಕೆ ಇದೆ. ಕಾರ್ಟ್ರಿಜ್ ಕೂರಿಸುವ ಹೆಡ್‌ಶೆಲ್ ಒಂಚೂರು ವಾಲಿದ್ದರೂ ಮೈಕ್ರೋಲೀನಿಯರ್ ಸೂಜಿ ಕ್ಷಮಿಸುವುದಿಲ್ಲ. ಲವ್‌ಲೆಸ್‌ನಲ್ಲಿ ಕೆವಿನ್ ಶೀಲ್ಡ್ಸ್ ಗಿಟಾರು ಬಹುಮಟ್ಟಿಗೆ ಮೋನೋದಂತೆ ನಡುವಿನಲ್ಲೇ ನಿಲ್ಲುತ್ತದಾದ್ದರಿಂದ ಅದನ್ನೇ ಪರೀಕ್ಷೆಗೆ ಬಳಸಬಹುದು: ಆ ಗಿಟಾರಿನ ಗೋಡೆ ಎಡಕ್ಕೋ ಬಲಕ್ಕೋ ಜರುಗಿದರೆ ಮೊದಲು ಹೆಡ್‌ಶೆಲ್ ನೆಟ್ಟಗಿದೆಯೇ ಎಂದು ನೋಡಿ.

ಇನ್ನೊಂದು ಗೊಂದಲ ಈ ಬ್ಯಾಂಡಿಗೇ ವಿಶೇಷ. ಶೀಲ್ಡ್ಸ್ ಜಾಜ್‌ಮಾಸ್ಟರ್ ಗಿಟಾರಿನ ಟ್ರೆಮೊಲೊ ಕಡ್ಡಿಯನ್ನು ಕೈಯಲ್ಲೇ ಹಿಡಿದು ಬಾರಿಸುವುದರಿಂದ ಸ್ವರ ಸದಾ ಏರಿಳಿಯುತ್ತಲೇ ಇರುತ್ತದೆ. ನಡುವಿನ ತೂತು ಮಧ್ಯಕ್ಕೆ ಸರಿಯಾಗಿ ಬೀಳದ ರೆಕಾರ್ಡ್ ಕೂಡ ಸ್ವರವನ್ನು ತೂಗಿಸುತ್ತದೆ. ಯಾವುದು ಯಾವುದು? 33⅓ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡ್. ಆ ಲಯಕ್ಕೆ ಸರಿಯಾಗಿ, ಹಾಡು ಬದಲಾದರೂ ಬದಲಾಗದೆ ತೂಗಾಟ ನಡೆದರೆ ಅದು ರೆಕಾರ್ಡಿನ ದೋಷ. ಹಾಡಿನ ತಾಳಕ್ಕೆ ತಕ್ಕಂತೆ ಬಂದರೆ ಅದು ಶೀಲ್ಡ್ಸ್ ಕೈ. ಖಾತ್ರಿಯಾಗಬೇಕಿದ್ದರೆ ಸೂಜಿ ಹೊತ್ತ ಕೈಯ (ಟೋನ್‌ಆರ್ಮ್) ಮೂತಿಯನ್ನು ಮೇಲಿನಿಂದ ನೋಡಿ. ಒಳಕ್ಕೆ ಹೋಗುತ್ತಾ ಪ್ರತಿ ಸುತ್ತಿಗೂ ಒಂದು ಸಲ ಹಿಂದಕ್ಕೆ ವಾಲಿದರೆ ಪ್ರತಿಯನ್ನು ವಾಪಸ್ ಕೊಡಿ. ನಾವು ಕೇಳಿದ ಒಂದು ಡೀಲಕ್ಸ್ ಪ್ರತಿ ಹೀಗೇ ಇತ್ತು, ಸರಿಯಾಗಿ ಕೂತ ಸಾದಾ ಪ್ರತಿಯ ಮುಂದೆ ಅದರ ಅನಲಾಗ್ ಸುಖವೆಲ್ಲ ವ್ಯರ್ಥ.

ಇಸಂಟ್ ಎನಿಥಿಂಗ್ ವಿಷಯ ಸುಲಭ. ಬದಿಗೆ 19 ನಿಮಿಷದ ಆಸುಪಾಸು, ಹಾಗಾಗಿ ಗ್ರೂವ್‌ಗಳಿಗೆ ಜಾಗ ಧಾರಾಳ. ಹಾಡುಗಳೂ ಒಣಗಿದವು, ಡ್ರಮ್ ಮುಂದೆ, ಗಿಟಾರು ಹರಿತ. ಎಲಿಪ್ಟಿಕಲ್ ಸೂಜಿಯಲ್ಲೂ ಒಳ ಅಂಚು ಕೆಡಲಿಲ್ಲ. ಸಿಕ್ಕ ಮರುಮುದ್ರಣ ತೆಗೆದುಕೊಳ್ಳಿ.

ಸೂಜಿಯ ನಂತರ ದುಡ್ಡು ಹಾಕಲೇಬೇಕಾದ ರೆಕಾರ್ಡ್ ಎಂ ಬಿ ವಿ. ಟೇಪಿನಲ್ಲಿ ಧ್ವನಿಮುದ್ರಿಸಿ, ಡಿಜಿಟಲ್ ಹಂತವೇ ಇಲ್ಲದೆ ವಿನೈಲ್‌ಗೆ ಇಳಿಸಿದ ಆಲ್ಬಮ್ ಅದು. ‘ಶೀ ಫೌಂಡ್ ನೌ’ ಮೆಲ್ಲನೆ ತೆರೆದುಕೊಳ್ಳುವ ರೀತಿ ಸಿಡಿಯಲ್ಲಿ ಚಪ್ಪಟೆಯಾಗಿ, ರೆಕಾರ್ಡಿನಲ್ಲಿ ಆಳವಾಗಿ ಕೇಳಿಸಿತು. ಕೊನೆಯ ‘ವಂಡರ್ 2’ನಲ್ಲಿ ಬಜ್ಪೆಯಿಂದ ವಿಮಾನ ಏಳುವಾಗಿನಂಥ ಸುತ್ತುವ ಮೊರೆತವಿದೆ, ಅದರಡಿ ಓಡುವ ಡ್ರಮ್. ಅದೂ ಒಳ ಅಂಚಿನಲ್ಲೇ. ಈ ಹಾಡನ್ನು ಚದುರದಂತೆ ನುಡಿಸಿದ ಸೂಜಿ ಬೇರೆ ಯಾವುದನ್ನೂ ಕೆಡಿಸುವುದಿಲ್ಲ.

ಇನ್ನು ನಮ್ಮ ಹವೆಯ ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ಕರಾವಳಿಯಲ್ಲಿ ವಿನೈಲ್‌ಗೆ ಏನೂ ಆಗುವುದಿಲ್ಲ, ಅದರ ಮೇಲಿನ ಬೆರಳಚ್ಚಿನ ಜಿಡ್ಡಿಗೆ ಮತ್ತು ಕಾಗದದ ಕವರಿಗೆ ಬೂಸ್ಟು ಬರುತ್ತದೆ. ರೆಕಾರ್ಡ್ ಬಂದ ದಿನವೇ ಒಳಗಿನ ಕಾಗದದ ಕವರ್ ತೆಗೆದು ಎಚ್‌ಡಿಪಿಇ (ಒಂದು ಬಗೆಯ ಪ್ಲಾಸ್ಟಿಕ್) ಒಳಪದರದ ಕವರಿಗೆ ಹಾಕಿ, ಮೂಲ ಕವರನ್ನು ಜಾಕೆಟಿನೊಳಗೆ ಬೇರೆಯಾಗಿ ಇಡಿ. ಹೊರಗಿನದಕ್ಕೆ ಪಾಲಿಪ್ರೊಪಿಲೀನ್ ಬೇಕು. ದಪ್ಪ ಪಿವಿಸಿ ಕವರ್ ಸೆಕೆಗೆ ಬೆವರಿ ರೆಕಾರ್ಡಿನ ಮೇಲೆ ಮಂಜಿನಂಥ ಕಲೆ ಬಿಡುತ್ತದೆ, ಆ ಕಲೆ ತೊಳೆದರೆ ಹೋಗುವುದಿಲ್ಲ. ಕಪಾಟನ್ನು ಕೆಂಪುಕಲ್ಲಿನ ಹೊರಗೋಡೆಯಿಂದ ಒಂದು ಗೇಣು ದೂರ ಇಡಿ. ಮಳೆಗಾಲದಲ್ಲಿ ಆ ಗೋಡೆ ಒಳಮೈಯಲ್ಲೂ ತೇವ ಬಿಡುತ್ತದೆ.

ಬೂಸ್ಟು ಬಂದೇಬಿಟ್ಟರೆ ಮೊದಲು ಒಣ ಬ್ರಶ್ಶಿನಿಂದ ಮನೆ ಹೊರಗೆ ಉದುರಿಸಿ. ಆಮೇಲೆ 4 ಪಾಲು ಡಿಸ್ಟಿಲ್ಡ್ ನೀರು, 1 ಪಾಲು ಐಸೋಪ್ರೊಪೈಲ್ ಆಲ್ಕೋಹಾಲ್, ಲೀಟರಿಗೆ ಎರಡೇ ಹನಿ ಪರಿಮಳವಿಲ್ಲದ ಪಾತ್ರೆ ಸೋಪು. ಮೈಕ್ರೋಫೈಬರ್ ಬಟ್ಟೆಯಲ್ಲಿ ಗ್ರೂವ್ ಉದ್ದಕ್ಕೆ ಒರೆಸಿ, ಲೇಬಲ್‌ಗೆ ತಾಗಿಸಬೇಡಿ. ಬರಿ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೊಮ್ಮೆ ಒರೆಸದಿದ್ದರೆ ಸೋಪು ಒಣಗಿ ಸೂಜಿಗೆ ಬಿಳಿ ಹಿಟ್ಟು ಮೆತ್ತುತ್ತದೆ. ಬಾವಿ ನೀರು ಬೇಡವೇ ಬೇಡ. ಅಜ್ಜನ ಕಾಲದ 78ರ ಶೆಲ್ಯಾಕ್ ತಟ್ಟೆಗಳಿಗೆ ಈ ಮಿಶ್ರಣ ತಾಗಿಸಲೇಬಾರದು, ಆಲ್ಕೋಹಾಲ್ ಅವನ್ನು ಕರಗಿಸುತ್ತದೆ. ಒಣಗಲು ಬಿಸಿಲಿಗೆ ಇಡಬೇಡಿ, ಫ್ಯಾನಿನಡಿ ಪಾತ್ರೆ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ. ಜುಲೈಯಲ್ಲಾದರೆ ಕವರಿಗೆ ಹಾಕುವ ಮೊದಲು ಕಡಿಮೆಯೆಂದರೂ ಎರಡು ಗಂಟೆ ಬಿಡಿ, ಒಳಗೆ ಸಿಕ್ಕ ಒಂದು ಹನಿ ತೇವ ಸಾಕು ಮತ್ತೆ ಬೂಸ್ಟಿಗೆ.

ಏಪ್ರಿಲ್–ಮೇನಲ್ಲಿ ಆರ್ಡರ್ ಮಾಡಬೇಡಿ. ಕೊರಿಯರ್ ವ್ಯಾನಿನೊಳಗೆ ಅರ್ಧ ದಿನ ಬೆಂದ ಪೊಟ್ಟಣದಿಂದ ತಟ್ಟೆ ಬಾಗಿ ಬರುತ್ತದೆ. ಅಂಚು ಸ್ವಲ್ಪ ಎದ್ದಿದ್ದರೆ 5 ಮಿಲಿಮೀಟರಿನ ಎರಡು ಗಾಜಿನ ನಡುವೆ ಇಟ್ಟು, ಮೇಲೆ 5 ಕಿಲೋ ಭಾರ ಹೇರಿ, ಎರಡು ಮೂರು ವಾರ ಬಿಡಿ. ಮಡಚಿದಂತೆ ಚೂಪಾಗಿ ಎದ್ದದ್ದು ಇದರಿಂದ ಇಳಿಯುವುದಿಲ್ಲ.

ಕೇಳಲು ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿ. ಹೆಂಚಿನ ಮಾಡಿನ ಮನೆಯಲ್ಲಿ ಆಷಾಢದ ಮಳೆ ಸುರಿಯುವಾಗ ‘ಶೀ ಫೌಂಡ್ ನೌ’ ಪೂರ್ತಿ ಮುಳುಗಿಹೋಗುತ್ತದೆ. ಆ ಸದ್ದಿನ ಮೇಲೂ ನಿಲ್ಲುವುದು ಲವ್‌ಲೆಸ್‌ನ ಮೊದಲ ಬದಿ ಒಂದೇ.