68 ಅಂತ ಬರೆದು 73 ಕೊಟ್ಟ ನಕ್ಷೆ

ಯಜಮಾನರ ಕೆಲಸಕ್ಕೆಂದು ಜಪಾನಿನ ಅಂಜೋ ಊರಿಗೆ ಬಂದು ಮೂರು ವರ್ಷವಾಯಿತು. ಇಲ್ಲಿನ ಶಿಂಕಾನ್ಸೆನ್ (ಬುಲೆಟ್ ರೈಲು) ಸ್ಟೇಷನ್ನಿನ ಹೆಸರು ಮಿಕಾವಾ-ಅಂಜೋ. ಈ ಮಿಕಾವಾ ಯಾವುದು ಅಂತ ಮೊದಲ ವರ್ಷ ತಲೆಕೆಡಿಸಿಕೊಳ್ಳಲಿಲ್ಲ. ಆಮೇಲೆ ನೋಡಿದರೆ ಕಾರುಗಳ ನಂಬರ್ ಪ್ಲೇಟಿನ ಮೇಲೂ ಮಿಕಾವಾ. ಅಂಗಡಿಗೆ ಹೋದರೆ ಮಿಸೊ (ಸೋಯಾ ಹುಳಿಸಿ ಮಾಡಿದ ಗೊಜ್ಜು) ಪ್ಯಾಕೆಟ್ ಮೇಲೆ ಶಿನ್‌ಶೂ, ಉಮೆಬೊಶಿ (ನಮ್ಮ ಉಪ್ಪಿನಕಾಯಿಯ ದೂರದ ನೆಂಟ) ಡಬ್ಬಿ ಮೇಲೆ ಕಿಶೂ, ಉದೋನ್ (ದಪ್ಪ ಗೋಧಿ ನೂಡಲ್ಸ್) ಮೇಲೆ ಸಾನುಕಿ. ಮಗಳು ನಾಲ್ಕನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ, ನಮ್ಮ ರಾಜ್ಯಗಳಂಥ 47 ಪ್ರಿಫೆಕ್ಚರ್‌ಗಳ ಪಟ್ಟಿಯಲ್ಲಿ ಇವು ಯಾವುವೂ ಇಲ್ಲ.

ಇವೆಲ್ಲ ಹಳೇ ನಾಡುಗಳ ಹೆಸರು. ‘ಕುನಿ’ ಅನ್ನುತ್ತಾರೆ. 1871ರಲ್ಲಿ ಪ್ರಿಫೆಕ್ಚರ್‌ಗಳು ಬಂದರೂ ಜನರ ಬಾಯಲ್ಲಿ, ತಿಂಡಿ ಪೊಟ್ಟಣದಲ್ಲಿ ಕುನಿಗಳು ಉಳಿದುಕೊಂಡವು. ನಾವು ಇವತ್ತಿಗೂ ‘ಹಳೇ ಮೈಸೂರು ಕಡೆಯವರು’ ಅಂತೀವಲ್ಲ, ಹಾಗೆ.

ಅದಕ್ಕೇ ಆನ್‌ಲೈನಿನಲ್ಲಿ 1,980 ಯೆನ್ ಕೊಟ್ಟು ಒಂದು ಗೋಡೆ ನಕ್ಷೆ ತರಿಸಿದೆ. ‘ಸೆಂಗೋಕು ಕಾಲದ 68 ನಾಡುಗಳು’ ಅಂತ ಮೇಲೆ ದಪ್ಪಕ್ಷರ. ಸೆಂಗೋಕು ಅಂದರೆ 15–16ನೇ ಶತಮಾನದಲ್ಲಿ ಪಾಳೆಗಾರರು ಒಬ್ಬರ ಮೇಲೊಬ್ಬರು ಬಿದ್ದು ಕಾದಾಡಿದ ಕಾಲ. ಕಾಗದ ಗಟ್ಟಿಯಾಗಿದೆ. ಮೇಲೆ ಹೊದಿಸಲು ಒಂದು ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಈಗಿನ ಗಡಿಗಳು ಕೆಂಪು ಗೆರೆಯಲ್ಲಿ.

ಈ ಹಾಳೆಯ ಉಪಾಯಕ್ಕೆ ಪೂರ್ತಿ ಮಾರ್ಕು. ನಮ್ಮ ಐಚಿ ಪ್ರಿಫೆಕ್ಚರಿನ ಕೆಂಪು ಗೆರೆಯೊಳಗೆ ಎರಡು ನಾಡು: ಪಶ್ಚಿಮಕ್ಕೆ ಓವಾರಿ, ಪೂರ್ವಕ್ಕೆ ಮಿಕಾವಾ. ಸೆಂಗೋಕು ಕಾಲದ ಇಬ್ಬರು ದೊಡ್ಡ ಪಾಳೆಗಾರರಲ್ಲಿ ನೊಬುನಾಗಾ ಓವಾರಿಯಲ್ಲಿ ಹುಟ್ಟಿದ, ಇಯೆಯಾಸು ಮಿಕಾವಾದಲ್ಲಿ. ಎರಡರ ನಡುವಿನ ಗೆರೆ ಸಕಾಯ್ ನದಿ. ಸಕಾಯ್ ಅಂದರೇ ಗಡಿ! ನಗೋಯಾಕ್ಕೆ ಹೋಗುವಾಗ ಕರಿಯಾ ದಾಟಿ, ಓಬು ಬರುವ ಮುಂಚೆ ಲೋಕಲ್ ಟ್ರೈನು ಈ ನದಿಯ ಮೇಲೆ ಹೋಗುತ್ತದೆ. ಸಾಧಾರಣ ಹೊಳೆ, ಎಷ್ಟು ಸಲ ನೋಡಿದ್ದೆನೋ. ಈಗ ಮಗಳು ಪ್ರತಿ ಸಲ "ಅಮ್ಮಾ, ಓವಾರಿ ಬಂತು" ಅಂತ ಕೂಗುತ್ತಾಳೆ. ಪಕ್ಕದವರು ನಗುತ್ತಾರೆ.

ಪ್ರತಿ ಕಾಂಜಿಯ (ಚೀನಾದಿಂದ ಬಂದ ಅಕ್ಷರ) ಪಕ್ಕ ಪುಟ್ಟ ಹಿರಗಾನದಲ್ಲಿ (ಓದುವ ಹಾಗೇ ಬರೆಯುವ ಜಪಾನಿ ಲಿಪಿ) ಉಚ್ಚಾರ ಕೊಟ್ಟಿದ್ದಾರೆ. ಇದಿಲ್ಲದಿದ್ದರೆ ನಕ್ಷೆ ಸುಮ್ನೆ ಗೋಡೆಗೆ ಅಲಂಕಾರ ಅಷ್ಟೇ. ಟೋಕಿಯೊದ ಉಎನೊಗೆ ಬರೆಯುವ ಎರಡು ಅಕ್ಷರಗಳನ್ನೇ ಇಲ್ಲಿ ಕೊಝುಕೆ ಅಂತ ಓದಬೇಕು. ಇಝುಮಿ ನಾಡಿನದು ಇನ್ನೂ ವಿಚಿತ್ರ. ಚಿಲುಮೆ ಅನ್ನುವ ಒಂದು ಅಕ್ಷರ ಸಾಕಿತ್ತು. ಆದರೆ ನಾಡಿನ ಹೆಸರಿಗೆ ಎರಡು ಅಕ್ಷರ ಇರಬೇಕು ಅಂತ 8ನೇ ಶತಮಾನದ ಹೊತ್ತಿಗೆ ನಿಯಮ ಬಂತು. ಅದರ ಮೊದಲು ಇನ್ನೊಂದು ಅಕ್ಷರವನ್ನು ತಂದು ಕೂರಿಸಿದರು. ಅದನ್ನು ಯಾರೂ ಓದುವುದಿಲ್ಲ.

ಟೋಕಿಯೊ ಕೊಲ್ಲಿಯ ಪೂರ್ವದ ಕಝುಸಾ, ಶಿಮೋಸಾ ನಾಡುಗಳನ್ನು ನೋಡಿ ಮಾತ್ರ ಇದು ಅಚ್ಚಿನ ತಪ್ಪೇ ಅಂದುಕೊಂಡೆ. ‘ಮೇಲಿನ’ ಕಝುಸಾ ದಕ್ಷಿಣಕ್ಕಿದೆ, ‘ಕೆಳಗಿನ’ ಶಿಮೋಸಾ ಉತ್ತರಕ್ಕೆ. ವಿಚಾರಿಸಿದರೆ ನಕ್ಷೆಯೇ ಸರಿ. ಹಿಂದೆ ರಾಜಧಾನಿಯ ಕಡೆಯಿಂದ ಬರುವ ದಾರಿ ಕೊಲ್ಲಿಯನ್ನು ದೋಣಿಯಲ್ಲಿ ದಾಟುತ್ತಿತ್ತು. ಮೊದಲು ಸಿಗುತ್ತಿದ್ದುದು ಕಝುಸಾ. ರಾಜಧಾನಿಗೆ ಹತ್ತಿರ ಇದ್ದದ್ದೇ ‘ಮೇಲೆ’.

ನಿಜವಾದ ತಪ್ಪು ಸಿಕ್ಕಿದ್ದು ಮಗಳು ಎಣಿಸಲು ಕೂತಾಗ. ಲೆಕ್ಕ 73 ಬಂತು. ಮತ್ತೆ ಎಣಿಸಿದಳು, 73. ನಾನೂ ಎಣಿಸಿದೆ. ಇಕಿ, ತ್ಸುಶಿಮಾ ದ್ವೀಪಗಳನ್ನು ಸೇರಿಸಿಯೇ 68 ಆಗಬೇಕು. ಐದು ಜಾಸ್ತಿ ಎಲ್ಲಿಂದ ಬಂತು?

ಈಶಾನ್ಯದಲ್ಲಿ ಮುತ್ಸು ಅಂತ ಒಂದು ಭಾರೀ ನಾಡು, ಅದರ ಪಕ್ಕ ದೇವಾ. ನಮ್ಮ ನಕ್ಷೆಯಲ್ಲಿ ಮುತ್ಸು ಐದು ತುಂಡು, ದೇವಾ ಎರಡು (ಉಝೆನ್, ಉಗೊ). ಈ ತುಂಡು ಮಾಡಿದ್ದು ಚಕ್ರವರ್ತಿಯ ಹೆಸರಿನಲ್ಲಿ ಬಂದ ಹೊಸ ಮೇಜಿ ಸರ್ಕಾರ, 1868ರ ಅಂತರ್ಯುದ್ಧದಲ್ಲಿ ಉತ್ತರದ ಪಾಳೆಗಾರರು ಸೋತ ಮೇಲೆ. ಅಂದರೆ ಸೆಂಗೋಕು ಮುಗಿದು ಎರಡೂವರೆ ಶತಮಾನ ಕಳೆದ ಮೇಲೆ! ಉತ್ತರದ ಪಾಳೆಗಾರ, ಒಕ್ಕಣ್ಣಿನ ದಾತೆ ಮಸಮುನೆಯ ಪುಟ್ಟ ಚಿತ್ರವನ್ನು ಮುತ್ಸುವಿನ ತುಂಡುಗಳಲ್ಲೊಂದಾದ ‘ರಿಕುಝೆನ್’ ಮೇಲೆ ಹಾಕಿದ್ದಾರೆ. ಪಾಪ, ಆತ 1636ರಲ್ಲೇ ತೀರಿಕೊಂಡ. ಆತನಿಗಿದ್ದ ಬಿರುದು ಮುತ್ಸು ನೋ ಕಾಮಿ, ಅಂದರೆ ಮುತ್ಸುವಿನ ಅಧಿಪತಿ. ರಿಕುಝೆನ್ ಅಂತ ಒಂದು ನಾಡಿನ ಹೆಸರನ್ನು ಆತ ಕೇಳಿಯೇ ಇರಲಿಲ್ಲ. ಹೋಗಲಿ, ಮೇಜಿ ಕಾಲದ್ದೇ ನಕ್ಷೆ ಅನ್ನೋಣ ಎಂದರೆ ಹೊಕ್ಕೈದೊ ಖಾಲಿ ಬಿಟ್ಟಿದ್ದಾರೆ. 1869ರಲ್ಲಿ ಅಲ್ಲೂ 11 ನಾಡು ಮಾಡಿದ್ದರಲ್ವಾ? ಎರಡು ಕಾಲವನ್ನು ಕಲಸಿ ಒಂದೇ ತಟ್ಟೆಗೆ ಬಡಿಸಿದ್ದಾರೆ.

ಮಾರಿದವರಿಗೆ ಬರೆದೆ. ಮರುದಿನವೇ ಉದ್ದನೆಯ ಕ್ಷಮಾಪಣೆ ಬಂತು. ಹಿಂದಕ್ಕೆ ಕಳಿಸುವ ಖರ್ಚು ಮಾತ್ರ ನಮ್ಮದೇ ಅಂತೆ. ಬೇಡ ಅಂತ ಇಟ್ಟುಕೊಂಡೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಮಕ್ಕಳಿರುವ ಮನೆಗೆ, ಪೊಟ್ಟಣಗಳ ಮೇಲಿನ ಹೆಸರು ಓದುವ ಚಪಲ ಇರುವವರಿಗೆ ಅಡ್ಡಿಯಿಲ್ಲ. ಇತಿಹಾಸ ಓದುವವರು ಕೊಳ್ಳುವ ಮೊದಲು ಈಶಾನ್ಯ ಮೂಲೆಯ ಫೋಟೊ ಕೇಳಿ ನೋಡಿ.

ಮಗಳು ಬಿಳಿ ತಿದ್ದುವ ಟೇಪ್ ಹಚ್ಚಿ ಗೆರೆ ಅಳಿಸಿ, ತನ್ನ ಕೈಯಾರೆ ಮುತ್ಸು, ದೇವಾ ಅಂತ ಬರೆದಳು. ಲೆಕ್ಕ ಸರಿಹೋಯಿತು. ಮಳೆಗಾಲ ಶುರುವಾದ ಮೇಲೆ ದೇವಾದ ಹತ್ತಿರ ಟೇಪ್ ಏಳುತ್ತಿದೆ. ಕೆಳಗಿನಿಂದ ‘ಉಗೊ’ ಇಣುಕುತ್ತಿದೆ.