ವೈಫೈಗೆ 17 ಸಾವಿರ ಸುರಿದ ಮೇಲೆ ತಂತಿ ಕೆರೆದು ನೋಡಿದೆವು

ಮನೆಯಲ್ಲಿ ವೈಫೈ ಸರಿಯಾಗಿ ಬರುತ್ತಿಲ್ಲ ಅಂತ ಅಂಗಡಿಗೆ ಹೊರಟಿದ್ದೀರಾ? ಹೋಗುವ ಮುಂಚೆ ಇದನ್ನು ಓದಿ. ನನ್ನ ದುಡ್ಡಂತೂ ಹೋಯಿತು, ನಿಮ್ಮದಾದರೂ ಉಳಿಯಲಿ.

ನಮ್ಮದು ಮೈಸೂರಿನಲ್ಲಿ 30×40 ಸೈಟಿನ ಮನೆ. ಕೆಳಗೆ ಅತ್ತೆ ಮಾವ, ಮೇಲೆ ನಾವು. 200 ಎಂಬಿಪಿಎಸ್ ಫೈಬರ್ ಕನೆಕ್ಷನ್ ಇದೆ. ರೂಟರ್ ಇದ್ದದ್ದು ಕೆಳಗಿನ ಹಾಲ್‌ನಲ್ಲಿ, ಟಿವಿ ಶೋಕೇಸಿನ ಒಳಗೆ. ಕನೆಕ್ಷನ್ ಕೊಡಲು ಬಂದ ಹುಡುಗ ವೈರು ಎಲ್ಲಿಯವರೆಗೆ ಬಂತೋ ಅಲ್ಲೇ ಇಟ್ಟು ಹೋಗಿದ್ದ. ಅದರ ದೀಪ ಕಣ್ಣಿಗೆ ಚುಚ್ಚುತ್ತೆ ಅಂತ ಅತ್ತೆ ಅದರ ಮುಂದೆ ಒಂದು ಸ್ಟೀಲ್ ತಟ್ಟೆ ನಿಲ್ಲಿಸಿದ್ದರು. ನಾನು ಕೆಲಸ ಮಾಡುವ ರೂಮು ಮೇಲೆ, ಹಿಂಬದಿಯಲ್ಲಿ. ಅಲ್ಲಿ ನೆಟ್ ಸುತ್ತುತ್ತಲೇ ಇರುತ್ತಿತ್ತು. ಚೆನ್ನಾಗಿ ಸಿಗುತ್ತಿದ್ದದ್ದು ಒಂದೇ ಕಡೆ, ಮೇಲಿನಿಂದ ಮೂರನೇ ಮೆಟ್ಟಿಲ ಮೇಲೆ. ಆಫೀಸ್ ಮೀಟಿಂಗೆಲ್ಲ ಅಲ್ಲೇ, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. ಅತ್ತೆ ಬಟ್ಟೆ ಒಣಹಾಕಲು ತಾರಸಿಗೆ ಹೋಗುವಾಗ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದೆ.

ಮೊದಲ ತಪ್ಪು ನನ್ನದೇ. 1,900 ರೂಪಾಯಿ ಕೊಟ್ಟು ಒಂದು ರಿಪೀಟರ್, ಅಂದರೆ ರೂಟರ್ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಡಬ್ಬಿ, ತರಿಸಿದೆ. ನೆಟ್ ಬೇಕಾಗಿರುವುದು ಮೇಜಿನ ಹತ್ತಿರ ಅಲ್ವಾ ಅಂತ ಮೇಜಿನ ಪಕ್ಕದ ಪ್ಲಗ್ಗಿಗೇ ಸಿಕ್ಕಿಸಿದೆ. ಫೋನಿನಲ್ಲಿ ಕಡ್ಡಿಗಳು ಫುಲ್! ಖುಷಿಯಿಂದ ಸ್ಪೀಡ್ ನೋಡಿದರೆ 8 ಎಂಬಿಪಿಎಸ್. ಆ ಕಡ್ಡಿಗಳು ಹೇಳುವುದು ನಿಮಗೂ ರಿಪೀಟರ್‌ಗೂ ನಡುವಿನ ಸಿಗ್ನಲ್ ಎಷ್ಟಿದೆ ಅಂತ ಮಾತ್ರ. ರಿಪೀಟರ್‌ಗೆ ಕೆಳಗಿನ ರೂಟರ್ ಎಷ್ಟು ಕೇಳಿಸುತ್ತಿದೆ ಅಂತ ಅಲ್ಲ. ಅದಕ್ಕೆ ಕೇಳಿಸಿದ್ದೇ ಅರ್ಧಂಬರ್ಧ, ಅದನ್ನೇ ನನಗೆ ದಾಟಿಸುತ್ತಿತ್ತು. ಸಾಲದ್ದಕ್ಕೆ ಅಗ್ಗದ ರಿಪೀಟರ್ ಕೇಳುವುದೂ ಹೇಳುವುದೂ ಒಂದೇ ರೇಡಿಯೋದಲ್ಲಿ, ಅದರಲ್ಲೇ ಸ್ಪೀಡ್ ಅರ್ಧಕ್ಕೆ ಇಳಿಯುತ್ತದೆ. ಇಡುವುದಿದ್ದರೆ ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಇಡಬೇಕು. ನಮ್ಮ ಮನೆಯಲ್ಲಿ ಆ ನಡುದಾರಿ ಎಂದರೆ ಮೆಟ್ಟಿಲು, ಅಲ್ಲಿ ಪ್ಲಗ್ ಪಾಯಿಂಟೇ ಇಲ್ಲ.

ಆಮೇಲೆ ಒಂದು ನೆಟ್‌ವರ್ಕಿಂಗ್ ಅಂಗಡಿಯವರು ಮನೆಗೆ ಬಂದರು. ಹೆಸರು ಬೇಡ ಬಿಡಿ. "ಮೇಡಂ, ಮೆಶ್ ಹಾಕ್ಸಿ, ಮನೆ ತುಂಬಾ ಒಂದೇ ಸಮ ಬರುತ್ತೆ" ಎಂದರು. ಮೆಶ್ ಅಂದರೆ ಒಟ್ಟಾಗಿ ಒಂದೇ ವೈಫೈ ಹರಡುವ ಮೂರು ಡಬ್ಬಿಗಳ ಸೆಟ್, 11,500 ರೂಪಾಯಿ. ಆ ಡಬ್ಬಿಗಳು ಒಂದಕ್ಕೊಂದು ಹೇಗೆ ಮಾತಾಡುತ್ತವೆ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಗಾಳಿಯಲ್ಲೇ! ಕೆಳಗಿನ ಡಬ್ಬಿಗೂ ಮೇಲಿನದಕ್ಕೂ ನಡುವೆ ಆರ್‌ಸಿಸಿ ಮೋಲ್ಡು, ಅದರೊಳಗೆ ಕಬ್ಬಿಣದ ಕಂಬಿ. ಆ ಡಬ್ಬಿಗಳ ವೈಫೈ ಎರಡು ಅಲೆಗಳಲ್ಲಿ ಓಡುತ್ತದೆ, 5 ಗಿಗಾಹರ್ಟ್ಸ್ ಮತ್ತು 2.4 ಗಿಗಾಹರ್ಟ್ಸ್. 5ಕ್ಕೆ ವೇಗ ಜಾಸ್ತಿ, ಆದರೆ ಗೋಡೆ, ಮೋಲ್ಡು ಎಂದರೆ ಬೇಗ ಸೋಲುತ್ತದೆ. 2.4 ಸ್ವಲ್ಪ ದೂರ ಹೋಗುತ್ತದೆ, ಆದರೆ ಅಲ್ಲಿ ಅಕ್ಕಪಕ್ಕದ ಮನೆಯವರದ್ದೆಲ್ಲ ಜಾತ್ರೆ. ಒಂದಕ್ಕೊಂದು ತಾಗದ ಚಾನಲ್‌ಗಳು ಇರುವುದೇ 1, 6, 11 ಎಂಬ ಮೂರು, ನಮ್ಮ ಬೀದಿಯಲ್ಲಿ ಅಷ್ಟೂ ತುಂಬಿದ್ದವು. ಸ್ಪೀಡ್ ಬೆಳಿಗ್ಗೆ 40 ಬಂದರೆ ಸಂಜೆ 12.

ಫೋನ್ ಮಾಡಿದರೆ, "ಹಾಗಾದ್ರೆ ಕೇಬಲ್ ಎಳೀಬೇಕು ಮೇಡಂ" ಎಂದರು. ಈ ಮಾತು ಸರಿ. ನಾನು ಮೊದಲೇ ಅದನ್ನೇ ಮಾಡಿಸಬೇಕಿತ್ತು, ಮೆಶ್ ಬೇಕೇ ಇರಲಿಲ್ಲ. ಕೇಬಲ್, ಕೂಲಿ ಸೇರಿ 3,600 ಕೊಟ್ಟೆ. ಸ್ಪೀಡ್ 94ಕ್ಕೆ ಬಂತು. ಯಾವಾಗ ನೋಡಿದರೂ 94. ನಾನು ತೃಪ್ತಿಯಾಗಿದ್ದೆ! ಎರಡು ತಿಂಗಳು ಕಳೆದ ಮೇಲೆ ಲಿಂಕ್ ಬಿಟ್ಟು ಬಿಟ್ಟು ಹೋಗಲು ಶುರುವಾಯಿತು. ಮೀಟಿಂಗ್ ಮಧ್ಯೆ ನನ್ನ ಮುಖ ಬಾಯಿ ತೆರೆದ ಹಾಗೇ ನಿಂತುಬಿಡುತ್ತಿತ್ತು.

ಹಬ್ಬಕ್ಕೆ ಬಂದ ಅಕ್ಕನ ಮಗನಿಗೆ 94 ಅಂದದ್ದೇ ತಡ, ನಕ್ಕ. "ಚಿಕ್ಕಮ್ಮ, ಒಂದು ಬ್ಲೇಡ್ ಕೊಡಿ" ಎಂದ. ಕೇಬಲ್ಲಿನ ಒಳಗೆ ಎಂಟು ಎಳೆ, ಅಂದರೆ ನಾಲ್ಕು ಜೊತೆ. ಜಾಕ್ ಒಳಗೆ ಹೋಗಿದ್ದದ್ದು ನಾಲ್ಕೇ ಎಳೆ, ಉಳಿದದ್ದನ್ನು ಕತ್ತರಿಸಿ ಬಿಟ್ಟಿದ್ದರು. ಎರಡೇ ಜೊತೆ ಇದ್ದರೆ ಲಿಂಕ್ 100ರಲ್ಲಿ ನಿಲ್ಲುತ್ತದೆ, ಕೈಗೆ ಸಿಗುವುದು 94, 95. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ಲಿಂಕ್, ಬೇಕೆಂದರೆ ಎಂಟೂ ಎಳೆ ಕೂತಿರಬೇಕು.

ಆಮೇಲೆ ಒಂದು ಎಳೆಯ ಪ್ಲಾಸ್ಟಿಕ್ ಸುಲಿದು ಬ್ಲೇಡಿನಿಂದ ಮೆಲ್ಲಗೆ ಕೆರೆದ. ತಾಮ್ರದ ಬಣ್ಣ ಪುಡಿಯಾಗಿ ಉದುರಿತು, ಒಳಗೆ ಬೆಳ್ಳಗೆ ಹೊಳೆಯಿತು. ಅಲ್ಯೂಮಿನಿಯಂ! ಮೇಲೆ ತೆಳ್ಳಗೆ ತಾಮ್ರದ ಲೇಪ ಅಷ್ಟೆ. ನೆಟ್‌ವರ್ಕ್‌ನವರು ಇದನ್ನು ಸಿಸಿಎ ಅನ್ನುತ್ತಾರೆ. ಬೆರಳಲ್ಲಿ ನಾಲ್ಕು ಸಲ ಆಚೀಚೆ ಬಗ್ಗಿಸಿದ, ಪಟ್ ಅಂತ ಮುರಿಯಿತು. ಹೊರಗಿನ ಕವಚದ ಮೇಲೆ ಮಾತ್ರ ಕ್ಯಾಟ್ 6 ಎಂಬ ಕೇಬಲ್ ದರ್ಜೆಯ ಹೆಸರು ದಪ್ಪಕ್ಷರದಲ್ಲಿ ಬರೆದಿತ್ತು. ಕ್ಯಾಟ್ 5ಇ ಆಗಲಿ 6 ಆಗಲಿ, ಒಳಗೆ ಗಟ್ಟಿ ತಾಮ್ರವೇ ಇರಬೇಕು ಎಂಬುದು ನಿಯಮ. ಕೊಳ್ಳುವಾಗ ಅಂಗಡಿಯಲ್ಲೇ ಒಂದು ಎಳೆ ಕೆರೆದು ತೋರಿಸಿ ಅನ್ನಿ. ಮುಖ ಸಿಂಡರಿಸಿದರೆ ಬೇರೆ ಅಂಗಡಿಗೆ ಹೋಗಿ.

ಇನ್ನೂ ಇತ್ತು. ಕೇಬಲ್ಲನ್ನು ಕರೆಂಟಿನ ವೈರುಗಳಿರುವ ಪೈಪಿನೊಳಗೇ ತೂರಿಸಿದ್ದರು, ಅದು ಅಪಾಯ. ಮೆಶ್ ಡಬ್ಬಿಯನ್ನು ಹಳೆಯ ರೂಟರ್ ಹಿಂದೆ ಇನ್ನೊಂದು ರೂಟರ್ ಆಗಿಯೇ ಬಿಟ್ಟಿದ್ದರು. ಹಾಗಾಗಿ ಮನೆಯೊಳಗೆ ಎರಡು ಬೇರೆ ಬೇರೆ ನೆಟ್‌ವರ್ಕ್ ಆಗಿ, ಹಳೆಯ ರೂಟರ್‌ಗೆ ಸೇರಿಸಿದ್ದ ಮಾವನ ಪ್ರಿಂಟರ್ ನನ್ನ ಲ್ಯಾಪ್‌ಟಾಪಿಗೆ ಕಾಣಿಸುತ್ತಲೇ ಇರಲಿಲ್ಲ. ಮೂರು ತಿಂಗಳು ಆ ಪ್ರಿಂಟರನ್ನೇ ಬೈದಿದ್ದೆ, ಪಾಪ. ಡಬ್ಬಿಯ ಸೆಟ್ಟಿಂಗ್ ತೆರೆಯುವ ಅಡ್ಮಿನ್ ಪಾಸ್‌ವರ್ಡೂ "ಅಡ್ಮಿನ್" ಅಂತಲೇ ಇತ್ತು.

ಅಂಗಡಿಗೆ ಹೋಗಿ ಕೇಳಿದೆವು. "ನಮಗೆ ಹಾಗೇ ಬಂದಿದ್ದು, ನಾವೇನು ಮಾಡೋಣ?" ಎಂಬ ಉತ್ತರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡೋಣ ಎಂದುಕೊಂಡರೆ ನಮ್ಮ ಹತ್ತಿರ ಇದ್ದದ್ದು ಬಿಳಿ ಚೀಟಿ. ಅದರಲ್ಲಿ "ಕೇಬಲ್" ಅಂತ ಇತ್ತೇ ಹೊರತು ಯಾವ ಕೇಬಲ್, ಎಷ್ಟು ಮೀಟರ್, ಏನೂ ಇರಲಿಲ್ಲ. ಜಿಎಸ್‌ಟಿ ಬಿಲ್ ಕೇಳಿದ್ದಕ್ಕೆ ತೆರಿಗೆ ಜಾಸ್ತಿ ಬೀಳುತ್ತೆ ಎಂದಿದ್ದರು, ನಾನೂ ಆಸೆಪಟ್ಟು ತಲೆಯಾಡಿಸಿದ್ದೆ.

ಈಗ ಏನು ಮಾಡಿದ್ದೇವೆ ಅಂದರೆ, ರೂಟರನ್ನು ಶೋಕೇಸಿನಿಂದ ತೆಗೆದು ಗೋಡೆಗೆ ಎತ್ತರದಲ್ಲಿ ಹೊಡೆಸಿದೆವು. ಅತ್ತೆಯ ತಟ್ಟೆ ಅಡುಗೆಮನೆಗೆ ವಾಪಸ್. ಇಷ್ಟಕ್ಕೇ, ಒಂದು ಪೈಸೆ ಖರ್ಚಿಲ್ಲದೆ, ಕೆಳಗಿನ ಹಿಂಬದಿ ರೂಮಿನಲ್ಲೂ ಇದ್ದ ನೆಟ್ ತೊಂದರೆ ಮುಗಿಯಿತು! 22 ಮೀಟರ್ ಗಟ್ಟಿ ತಾಮ್ರದ ಕೇಬಲ್ ತಂದು ಬೇರೆಯೇ ಪೈಪಿನಲ್ಲಿ ಮೇಲಕ್ಕೆ ಎಳೆಸಿ, ಮೆಶ್‌ನ ಒಂದು ಡಬ್ಬಿಯನ್ನು ಬೇರೆ ನೆಟ್‌ವರ್ಕ್ ಮಾಡದೆ ವೈಫೈ ಮಾತ್ರ ಹರಡುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ ಕೂರಿಸಿದೆವು. ಎರಡೂ ಕಡೆ ವೈಫೈ ಹೆಸರು, ಪಾಸ್‌ವರ್ಡ್ ಒಂದೇ. ನನ್ನ ಮೇಜಿನ ಹತ್ತಿರ ಈಗ 190. ಮಾವನ ಪ್ರಿಂಟರೂ ಕಾಣಿಸುತ್ತಿದೆ.

ಉಳಿದ ಎರಡು ಡಬ್ಬಿ ಬೀರುವಿನಲ್ಲಿ ಕೂತಿವೆ, ರಿಪೀಟರ್ ಅವುಗಳ ಪಕ್ಕ. ಹಳೆಯ ಅಲ್ಯೂಮಿನಿಯಂ ತಂತಿ ಇನ್ನೂ ಕರೆಂಟಿನ ಪೈಪಿನೊಳಗೇ ಇದೆ. ಮೇನ್ ಆಫ್ ಮಾಡಿ ಅದನ್ನು ಹೊರಗೆಳೆಯಲು ಎಲೆಕ್ಟ್ರಿಷಿಯನ್ ಭಾನುವಾರ ಬರುತ್ತೇನೆ ಎಂದಿದ್ದಾರೆ. ಇದು ಅವರು ಹೇಳಿದ ಮೂರನೇ ಭಾನುವಾರ.