ಡೀಪ್ ಕ್ಲೀನಿಂಗ್ ಆದಮೇಲೆ ಸಂದಿಗೆ ದಾರವೋ, ನೀರೋ, ಪುಟ್ಟ ಬ್ರಷ್ಷೋ?

ವಸಡಿನ ಕಾಯಿಲೆಗೆ ಡೀಪ್ ಕ್ಲೀನಿಂಗ್ ಮಾಡಿಸಿದವರು ಮೊದಲು ಕೊಳ್ಳಬೇಕಾದ್ದು ಇಂಟರ್‌ಡೆಂಟಲ್ ಬ್ರಷ್, ಅಂದರೆ ಹಲ್ಲಿನ ಸಂದಿಗೆ ತೂರಿಸುವ, ತಂತಿಯ ಸುತ್ತ ಎಳೆಗಳಿರುವ ಪುಟ್ಟ ಬ್ರಷ್. ಹಲ್ಲಿನ ಬೇರಿನ ಮೇಲೆ ಗಟ್ಟಿಯಾಗಿ ಕೂತ ಕಲ್ಲು ಕೆರೆದು ತೆಗೆದ ಮೇಲೆ ಊದಿದ್ದ ವಸಡು ಇಳಿಯುತ್ತದೆ, ಊತ ಮುಚ್ಚಿಟ್ಟಿದ್ದ ಸಂದು ಬಾಯಿ ಬಿಡುತ್ತದೆ. ‘ಕ್ಲೀನಿಂಗ್ ಮಾಡಿಸಿದ್ದಕ್ಕೇ ಸಂದು ಬಿತ್ತು’ ಎಂದು ಜನ ಡಾಕ್ಟರನ್ನು ಬೈಯುವುದು ಇದಕ್ಕೇ. ದವಡೆ ಹಲ್ಲಿನ ಬೇರಿನ ಪಕ್ಕ ನುಣ್ಣಗಿರುವುದಿಲ್ಲ, ನಡುವೆ ತಗ್ಗಿರುತ್ತದೆ. ಬಿಗಿದ ದಾರ (ಫ್ಲಾಸ್) ಆ ತಗ್ಗಿನ ಅಂಚು ಸವರಿ ಹೊರಬರುತ್ತದೆ. ಬ್ರಷ್ಷಿನ ಎಳೆಗಳು ಒಳಗೂ ಮುಟ್ಟುತ್ತವೆ.

ದಾರ ಬೇಕಾಗುವುದು ಬ್ರಷ್ ನುಗ್ಗದ ಒತ್ತು ಹಲ್ಲುಗಳಿಗೆ, ಅಷ್ಟೇ.

ಬ್ರಷ್ಷಿನ ದೊಡ್ಡ ಕಿರಿಕಿರಿ ಅಳತೆಯದು. ಟೆಪೆ ಕಂಪನಿಯ ಬ್ರಷ್‌ಗಳಲ್ಲಿ ಗುಲಾಬಿ 0.4 ಮಿ.ಮೀ., ಕೆಂಪು 0.5, ನೀಲಿ 0.6, ಹಳದಿ 0.7, ಇದು ತಂತಿಯ ದಪ್ಪ. ಬೇರೆ ಕಂಪನಿಯ ಕೆಂಪು ಇನ್ನೊಂದೇ ಅಳತೆ ಇರಬಹುದು, ಬಣ್ಣ ನಂಬಿ ಕೊಂಡರೆ ಕೆಟ್ಟಿರಿ. ಎಳೆಗಳು ಎರಡೂ ಹಲ್ಲಿಗೆ ತಾಗಬೇಕು, ತಂತಿ ಯಾವುದಕ್ಕೂ ಉಜ್ಜಬಾರದು. ಒಂದೇ ಬಾಯಿಗೆ ಎರಡು ಮೂರು ಅಳತೆ ಬೇಕಾಗುವುದು ಸಾಮಾನ್ಯ.

ಇನ್ನೊಂದು ಪೇಚು: ಮೊದಲ ವಾರ ಸರಿಯಾಗಿ ಕೂತ ಬ್ರಷ್ ಆರನೇ ವಾರಕ್ಕೆ ಸಡಿಲ, ಏಕೆಂದರೆ ವಸಡು ಇನ್ನೂ ಇಳಿಯುತ್ತಿರುತ್ತದೆ. ಹಾಗಾಗಿ ಶುರುವಿಗೆ ಮಿಶ್ರ ಅಳತೆಯ ಪ್ಯಾಕೆಟ್ ಸಾಕು. ಹಲ್ಲಿಗೂ ವಸಡಿಗೂ ನಡುವಿನ ಗುಳಿಯ (ಪಾಕೆಟ್) ಆಳ ಮತ್ತೆ ಅಳೆಯಲು ಡಾಕ್ಟರ್ ಕರೆದಾಗ ಬ್ರಷ್ಷಿನ ಅಳತೆ ಕೇಳಿಕೊಂಡು ಆಮೇಲೆ ಡಬ್ಬಿಗಟ್ಟಲೆ ತನ್ನಿ.

ತಂತಿ ಮುರಿಯುವುದು ಬಹುತೇಕ ಹಿಂದಿನ ದವಡೆಯಲ್ಲಿ. ಬಾಯಿ ಆ ಅಂತ ತೆರೆದರೆ ಕೆನ್ನೆ ಬಿಗಿದು ಕೈಗೆ ಜಾಗ ಸಿಗದು, ಅರ್ಧ ಮುಚ್ಚಿ. ತಂತಿಯ ಬುಡವನ್ನು ಬೆರಳಿಂದ ಒಮ್ಮೆ ಬಾಗಿಸಿ ಹಾಗೇ ಬಿಡಿ. ಪ್ರತಿ ಸಲ ಬಾಗಿಸಿ ನೆಟ್ಟಗೆ ಮಾಡಿದರೆ ಅಲ್ಲೇ ತುಂಡಾಗುತ್ತದೆ. ನೇರ ತೂರಿಸಿ, ನಾಲ್ಕೈದು ಸಲ ಹಿಂದೆ ಮುಂದೆ ಆಡಿಸಿ, ತಿರುಪಬೇಡಿ. ನೋವು ಇಳಿದ ಮೇಲೆ, ಡಾಕ್ಟರ್ ಹೂಂ ಎಂದ ಮೇಲೆಯೇ ಶುರು ಮಾಡುವುದು. ಮೊದಮೊದಲು ರಕ್ತ ಕಂಡೀತು. ದಿನೇ ದಿನೇ ಕಡಿಮೆಯಾಗಬೇಕು. ಆಗದಿದ್ದರೆ, ಕೀವೋ ಊತವೋ ಬಂದರೆ, ತೋರಿಸಲೇಬೇಕು.

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬ್ರಷ್ಷಿಗೆ ಬದಲಿಯಲ್ಲ, ವಸಡು ಮುಟ್ಟಲಾಗದ ದಿನಗಳಿಗೆ ಆಸರೆ. 0.2 ಶೇಕಡದ್ದು 10 ಮಿ.ಲೀ., ದಿನಕ್ಕೆ ಎರಡು ಸಲ, ಸುಮಾರು ಎರಡು ವಾರ. ಪೇಸ್ಟಿನ ನೊರೆ ಅದರ ಶಕ್ತಿ ಕುಂದಿಸುತ್ತದೆ, ಅರ್ಧ ಗಂಟೆ ಅಂತರ ಇರಲಿ. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವವರ ಹಲ್ಲಿಗೆ ಕಂದು ಕಲೆ ಗ್ಯಾರಂಟಿ.

ಸಂದಿಗೆ ನೀರು ಚಿಮ್ಮುವ ವಾಟರ್ ಫ್ಲಾಸರ್ ಅನ್ನದಗುಳು ಹೊರಡಿಸುತ್ತದೆ, ಬಾಯಿಗೂ ಹಿತ. ಅಂಟಿದ ಜಿಡ್ಡುಪದರ ಮಾತ್ರ ಉಜ್ಜದೆ ಪೂರ್ತಿ ಬಿಡದು. ಬೋರ್‌ವೆಲ್ ನೀರು ಹಾಕಿದರೆ ಸುಣ್ಣ ಕಟ್ಟಿ ನಳಿಗೆ ಮುಚ್ಚಿಕೊಳ್ಳುತ್ತದೆ. ಅದರ ಬೆಲೆಗೆ ಎಷ್ಟೋ ತಿಂಗಳ ಬ್ರಷ್ ಬರುತ್ತವೆ, ನಾನಂತೂ ಕೊಳ್ಳಿ ಎನ್ನುವುದಿಲ್ಲ. ಬ್ರೇಸಸ್ ಹಾಕಿಸಿಕೊಂಡವರ, ಕೈ ನಡುಗುವ ಹಿರಿಯರ ಲೆಕ್ಕ ಬೇರೆ.